ಹ್ಯಾಂಡಿಕ್ಯಾಪ್ ಅಂದ್ರೆ ಬರೀ ಅಂಗವೈಕಲ್ಯ ಅಲ್ಲ

ಹ್ಯಾಂಡಿಕ್ಯಾಪ್ ಅಂದ್ರೆ ಕೊರತೆ ಅಲ್ವಾ, ಮತ್ತೆ ರೇಸಿನಲ್ಲಿ ಒಳ್ಳೆಯ ಕುದುರೆಗೇ ಜಾಸ್ತಿ ಹ್ಯಾಂಡಿಕ್ಯಾಪ್ ಯಾಕೆ ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ.

ಈ ಪದ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಒಂದು ಅದಲುಬದಲಿ ಆಟದಿಂದ. 'ಹ್ಯಾಂಡ್ ಇನ್ ಕ್ಯಾಪ್', ಅಂದ್ರೆ 'ಟೋಪಿಯೊಳಗೆ ಕೈ' ಅನ್ನೋದೇ ಅದರ ಮೂಲ. ಇಬ್ಬರು ತಮ್ಮ ವಸ್ತುಗಳನ್ನು ಬದಲಾಯಿಸಿಕೊಳ್ಳಬೇಕು. ಯಾರ ವಸ್ತುವಿನ ಬೆಲೆ ಕಡಿಮೆಯೋ ಅವರು ಮೇಲೆಷ್ಟು ಕೊಡಬೇಕು ಅಂತ ಮೂರನೆಯವನು ಹೇಳುತ್ತಾನೆ. ಪಣದ ಹಣ ಟೋಪಿಯಲ್ಲಿರುತ್ತದೆ. ಇಬ್ಬರೂ ಅದರೊಳಗೆ ಕೈ ಹಾಕಿ ಒಟ್ಟಿಗೆ ತೆಗೆಯುತ್ತಾರೆ. ಕೈಯಲ್ಲಿ ಹಣ ಇದ್ದರೆ ಒಪ್ಪಿಗೆ, ಬರಿಗೈಯಾದರೆ ಇಲ್ಲ. ಇಬ್ಬರ ಉತ್ತರವೂ ಒಂದೇ ಆದರೆ ಪಣದ ಹಣ ಮಧ್ಯಸ್ಥನಿಗೆ! ಹಾಗಾಗಿ ಅವನು ಸರಿಯಾಗಿ ತೂಗಿ ನೋಡಲೇಬೇಕಿತ್ತು. ದಿನಚರಿಗೇ ಹೆಸರಾದ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಪೀಪ್ಸ್ 1660ರ ದಿನಚರಿಯಲ್ಲಿ ಈ ಆಟದ ಹೆಸರು ಬರೆದಿದ್ದಾರೆ.

18ನೇ ಶತಮಾನದಲ್ಲಿ ಇದೇ ಲೆಕ್ಕ ಕುದುರೆಗಳಿಗೂ ಬಂತು. ಎಲ್ಲ ಕುದುರೆಗೂ ಗೆಲ್ಲುವ ಅವಕಾಶ ಸಮನಾಗಿರಲಿ ಅಂತ ಬಲಶಾಲಿ ಕುದುರೆಗೆ ಹೆಚ್ಚು ಭಾರ ಹೊರಿಸುತ್ತಾರೆ. ಜಾಕಿಯ (ಕುದುರೆ ಸವಾರನ) ತೂಕ ಸಾಲದಿದ್ದರೆ ಜೀನಿನ ಬಟ್ಟೆಯ ಜೇಬಿಗೆ ಸೀಸದ ತುಂಡುಗಳನ್ನು ಸೇರಿಸುತ್ತಾರೆ. ಅಂದ್ರೆ ಇಲ್ಲಿ ಹ್ಯಾಂಡಿಕ್ಯಾಪ್ ಜಾಸ್ತಿ ಅನ್ನೋದು ಕುದುರೆಗೆ ಸಿಕ್ಕ ಮರ್ಯಾದೆಯೇ.

ಆ 'ಹೆಚ್ಚುವರಿ ಹೊರೆ'ಯಿಂದಲೇ 'ಅಡ್ಡಿ' ಅನ್ನುವ ಅರ್ಥ ಬೆಳೆಯಿತು. ಅಂಗವೈಕಲ್ಯದ ಅರ್ಥ ಬಂದಿದ್ದು 20ನೇ ಶತಮಾನದ ಆರಂಭದ ಹೊತ್ತಿಗೆ. ಟೋಪಿ ಹಿಡಿದು ಭಿಕ್ಷೆ ಬೇಡುವುದರಿಂದ ಬಂದ ಪದ ಅಂತ ತುಂಬಾ ಜನ ಹಂಚಿಕೊಳ್ಳುತ್ತಾರೆ. ಅದು ಸುಮ್ನೆ ಕಟ್ಟುಕತೆ, ದಯವಿಟ್ಟು ನಂಬಬೇಡಿ.