ಟೊಂಕ ನೋವು: ಬೆನ್ನಿಗಿಂತ ಮೊದಲು ಸ್ಟೂಲು ತಿದ್ದಿ

ಪ್ರಶ್ನೆ: ಜೀನ್ಸ್ ಹೊಲಿಗೆ ಘಟಕದಲ್ಲಿ ದಿನಕ್ಕೆ ಹತ್ತು ತಾಸು ಮಷಿನ್ ಮುಂದೆ ಕೂಡುತ್ತೇನೆ. ವಯಸ್ಸು 34. ಮಧ್ಯಾಹ್ನಕ್ಕೇ ಟೊಂಕ ಹಿಡಿದುಕೊಳ್ಳುತ್ತದೆ, ಸಂಜೆಗೆ ಕುತ್ತಿಗೆಯಿಂದ ಬಲ ಭುಜದವರೆಗೆ ಸೆಳೆತ. ನೆಟ್ಟಗೆ ಕೂಡು ಎನ್ನುತ್ತಾರೆ, ಹತ್ತು ನಿಮಿಷಕ್ಕೆ ಮತ್ತೆ ಬಾಗಿರುತ್ತೇನೆ. ಬೆಲ್ಟ್ ಕಟ್ಟಿಕೊಳ್ಳಲೇ?
— ಓದುಗರು, ಬಳ್ಳಾರಿ

ಉತ್ತರ: ಮತ್ತೆ ಬಾಗುವುದು ನಿಮ್ಮ ತಪ್ಪಲ್ಲ. ಕಣ್ಣಿಗೆ ಸೂಜಿ ಕಾಣಬೇಕು, ಕಾಲಿಗೆ ಪೆಡಲ್ ಸಿಗಬೇಕು. ಇವೆರಡೂ ಸರಿಯಾದ ಜಾಗದಲ್ಲಿ ಇಲ್ಲದಿದ್ದರೆ ಬೆನ್ನು ಬಾಗಲೇಬೇಕು.

ಮೊದಲು ಎತ್ತರ ನೋಡಿ. ಸ್ಟೂಲಿನ ಮೇಲೆ ಕೂತು ಭುಜ ಸಡಿಲ ಬಿಟ್ಟು ಮೊಣಕೈ ಮಡಚಿ. ಬಟ್ಟೆ ಓಡುವ ಟೇಬಲ್ಲಿನ ಮೇಲ್ಮೈ ಮೊಣಕೈಗಿಂತ ಸುಮಾರು ಎರಡು ಇಂಚು ಮೇಲಿರಬೇಕು. ಅದಕ್ಕಿಂತ ತಗ್ಗಿದ್ದರೆ ತಲೆಯೇ ಸೂಜಿಯ ಹತ್ತಿರ ಇಳಿಯುತ್ತದೆ. ನಾಲ್ಕೈದು ಕಿಲೋ ತೂಕದ ತಲೆಯನ್ನು ಕುತ್ತಿಗೆಯ ಹಿಂದಿನ ಸ್ನಾಯುಗಳು ದಿನವಿಡೀ ಎಳೆದು ಹಿಡಿಯಬೇಕು. ಹಾಗೆಂದು ಟೇಬಲ್ಲು ತೀರ ಎತ್ತರವಿದ್ದರೆ ಭುಜ ಮೇಲೇರಿ ಅಲ್ಲಿ ಸೆಳೆತ ಶುರು. ಹೆಚ್ಚಿನ ಸ್ಟ್ಯಾಂಡುಗಳ ಕಾಲಲ್ಲಿ ಎತ್ತರ ಬದಲಿಸುವ ತೂತು, ಬೋಲ್ಟ್ ಇರುತ್ತವೆ. ಮೇನ್ ಸ್ವಿಚ್ ಆಫ್ ಮಾಡಿಸಿ ಮೆಕ್ಯಾನಿಕ್ ಕೈಯಲ್ಲೇ ಎತ್ತರ ಬದಲಾಯಿಸಿಕೊಳ್ಳಿ. ಸೂಜಿಯ ಪಕ್ಕ ಪುಟ್ಟ ಎಲ್‌ಇಡಿ ದೀಪ ಬೇಕೇ ಬೇಕು. ಕಪ್ಪು ಡೆನಿಮ್ ಮೇಲಿನ ಕಪ್ಪು ದಾರ ಕಾಣದೆ ಬಗ್ಗುವವರೇ ಹೆಚ್ಚು.

ಪೆಡಲ್ ದೂರವಿದ್ದರೆ ಇನ್ನೂ ಕಷ್ಟ. ಕಾಲು ಚಾಚಿದಾಗ ನೀವು ಸ್ಟೂಲಿನ ಅಂಚಿಗೆ ಜಾರುತ್ತೀರಿ, ಸೊಂಟದ ಮೂಳೆ ಹಿಂದಕ್ಕೆ ಉರುಳಿ ಟೊಂಕದ ಸಹಜ ಬಾಗು ಅಳಿಸಿಹೋಗುತ್ತದೆ. ಪೆಡಲ್ಲನ್ನು ನಿಮ್ಮತ್ತ ಎಳೆದು, ಹಿಮ್ಮಡಿ ಮೊಣಕಾಲಿನ ನೇರಕ್ಕೆ ಅಥವಾ ಸ್ವಲ್ಪವೇ ಮುಂದೆ ಬರುವಂತೆ ಮಾಡಿ. ಎರಡೂ ಪಾದ ಪೆಡಲ್ ಮೇಲಿರಲಿ. ಒಂದೇ ಕಾಲಲ್ಲಿ ಒತ್ತಿದರೆ ಭಾರವೆಲ್ಲ ಒಂದೇ ಕುಂಡೆಯ ಮೇಲೆ ಬೀಳುತ್ತದೆ.

ಸ್ಟೂಲಿಗೆ ಹಣ ಹಾಕಬೇಕಿಲ್ಲ. ಉಳಿದ ಡೆನಿಮ್ ಚೂರುಗಳನ್ನು ಪದರ ಪದರವಾಗಿ ಮಡಚಿ, ಮುಂದೆ ಒಂದು ಇಂಚು, ಹಿಂದೆ ಎರಡೂವರೆ ಇಂಚು ದಪ್ಪ ಬರುವಂತೆ ದಿಂಬು ಹೊಲಿದುಕೊಳ್ಳಿ. ಅದರ ಮೇಲೆ ಕೂತರೆ ತೊಡೆ ಮುಂದಕ್ಕೆ ಸ್ವಲ್ಪ ಇಳಿಜಾರಾಗುತ್ತದೆ, ಟೊಂಕ ತಾನೇ ನೆಟ್ಟಗಾಗುತ್ತದೆ. ದಿಂಬು ಹಾಕಿದ ಮೇಲೆ ಟೇಬಲ್ಲಿನ ಎತ್ತರ ಮತ್ತೊಮ್ಮೆ ಅಳೆಯಿರಿ. ಹೊಲಿಯಬೇಕಾದ ಪೀಸುಗಳ ಬಂಡಲ್ ನೆಲದ ಮೇಲಿಡಬೇಡಿ. ಇನ್ನೂರು ಪೀಸ್ ಎಂದರೆ ಇನ್ನೂರು ಸಲ ಬಗ್ಗಿ ತಿರುಚಿದಂತೆ, ಬೆನ್ನಿಗೆ ತ್ರಾಸಾಗುವುದು ಈ ಜೋಡಿ ಚಲನೆಯೇ. ಪೆಟ್ಟಿಗೆಯೊಂದರ ಮೇಲೆ, ಟೇಬಲ್ಲಿನ ಮಟ್ಟಕ್ಕೆ ಬರಲಿ.

ಇಷ್ಟಾದರೂ ಅಲುಗಾಡದೆ ಕೂತರೆ ನೋವು ಬಂದೇ ಬರುತ್ತದೆ, ಎಷ್ಟೇ ನೆಟ್ಟಗೆ ಕೂತಿರಿ. ಬೆನ್ನೆಲುಬಿನ ಮೂಳೆಗಳ ನಡುವೆ ಮೆತ್ತೆಯಂತಿರುವ ಡಿಸ್ಕುಗಳ ಒಳಭಾಗಕ್ಕೆ ದೊಡ್ಡವರಲ್ಲಿ ರಕ್ತನಾಳವಿಲ್ಲ. ಒತ್ತಡ ಬಿದ್ದು, ಬಿಟ್ಟು, ದ್ರವ ಒಳಹೊರಗೆ ಆದರೇ ಅವುಗಳ ಪೋಷಣೆ. ಪೀಸ್ ಲೆಕ್ಕದ ಕೂಲಿಯಲ್ಲಿ ಪದೇ ಪದೇ ಏಳುವುದು ಸುಲಭವಲ್ಲ, ನಿಜ. ಅದಕ್ಕೇ ಬಾಬಿನ್ನನ್ನು (ಮಷಿನಿನ ಕೆಳದಾರ ಸುತ್ತಿದ ಪುಟ್ಟ ಉರುಳೆ) ಗಡಿಯಾರ ಮಾಡಿಕೊಳ್ಳಿ. ಜೀನ್ಸಿನ ದಪ್ಪ ದಾರ ಬೇಗ ಮುಗಿಯುತ್ತದೆ. ಬಾಬಿನ್ ಖಾಲಿಯಾದಾಗ ಎದ್ದು ನಿಂತು, ಟೊಂಕದ ಮೇಲೆ ಕೈಯಿಟ್ಟು, ಐದು ಸಲ ನಿಧಾನ ಹಿಂದಕ್ಕೆ ಬಾಗಿ, ಆಮೇಲೆ ಬದಲಿಸಿ. ಇಪ್ಪತ್ತು ಸೆಕೆಂಡಿನ ಕೆಲಸ.

ಬೆಲ್ಟ್ ನೋವು ತಡೆಯುವುದಿಲ್ಲ, ಅದಕ್ಕೆ ದುಡ್ಡು ಹಾಕಬೇಡಿ. ಬದಲಿಗೆ ವಾರದಲ್ಲಿ ನಾಲ್ಕೈದು ದಿನ ಅರ್ಧ ತಾಸು ನಡಿಗೆ. ಅಂಗಾತ ಮಲಗಿ ಮೊಣಕಾಲು ಮಡಚಿ, ಸೊಂಟ ಎತ್ತಿ ಐದು ಸೆಕೆಂಡ್ ಹಿಡಿದು ಇಳಿಸುವುದು ಹತ್ತು ಸಲ. ನೋವು ಕಾಲಿನ ಮೊಣಕಾಲಿನ ಕೆಳಗೆ ಇಳಿದರೆ, ಜ್ವರ ಅಥವಾ ಕಾರಣವಿಲ್ಲದೆ ತೂಕ ಇಳಿಕೆ ಇದ್ದರೆ ವೈದ್ಯರನ್ನು ಕಾಣಿ. ಕಾಲಿನ ಬಲ ಕುಂದಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ, ಗುಪ್ತಾಂಗದ ಸುತ್ತ ಜೋಮು ಹಿಡಿದರೆ ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಿ.

ಪ್ರಶ್ನೆ: ಭತ್ತ ನಾಟಿ ಮಾಡುವಾಗ ಇರದ ನೋವು, ಬದುವಿಗೆ ಬಂದು ಸಸಿಯ ಬುಟ್ಟಿ ಎತ್ತಿದಾಗ ಛಳಕ್ ಎನ್ನುತ್ತದೆ. ಯಾಕೆ?
— ಓದುಗರು, ಸಿಂಧನೂರು

ಉತ್ತರ: ತುಂಬ ಹೊತ್ತು ಬಗ್ಗಿದಾಗ ಬೆನ್ನಿನ ಹಿಂಬದಿಯಲ್ಲಿ ಮೂಳೆಗಳನ್ನು ಹಿಡಿದಿಡುವ ಪಟ್ಟಿಗಳು ಎಳೆದ ರಬ್ಬರಿನಂತೆ ಸಡಿಲಾಗಿರುತ್ತವೆ. ನಿಂತ ಕೂಡಲೇ ಅವು ಬಿಗಿಯಾಗುವುದಿಲ್ಲ. ಆ ಹೊತ್ತಿಗೇ ಭಾರ ಎತ್ತಿದರೆ ಉಳುಕುತ್ತದೆ. ಬದುವಿಗೆ ಬಂದವರೇ ಎರಡು ಮೂರು ನಿಮಿಷ ನಡೆದಾಡಿ, ಹಿಂದಕ್ಕೆ ಬಾಗಿ, ನಂತರ ಬುಟ್ಟಿ ಮುಟ್ಟಿ. ಅದೂ ಮೊಣಕಾಲು ಮಡಚಿ, ಬುಟ್ಟಿ ಹೊಟ್ಟೆಗೆ ಹತ್ತಿರ ಹಿಡಿದು, ಸಾಧ್ಯವಾದರೆ ಇಬ್ಬರು ಸೇರಿ ತಲೆಗೇರಿಸಿ. ಕೆಸರಲ್ಲಿ ಒಂದು ಪಾದ ಮುಂದಿಟ್ಟು ಮೊಣಕಾಲು ಸ್ವಲ್ಪ ಮಡಚಿ, ಸಸಿಯ ಕಟ್ಟು ಹಿಡಿದ ಎಡ ಮೊಣಕೈಯನ್ನು ತೊಡೆಗೆ ಊರಿ. ಮೈಭಾರದ ಒಂದು ಪಾಲು ಕಾಲಿಗೆ ಇಳಿಯುತ್ತದೆ. ಪ್ರತಿ ಸಾಲಿನ ಕೊನೆಗೆ ನೆಟ್ಟಗಾಗಿ. ಸಸಿಯ ಕಟ್ಟುಗಳನ್ನು ಮೊದಲೇ ಗದ್ದೆಯಲ್ಲಿ ಮುಂದೆ ಎಸೆದಿಟ್ಟರೆ ತಿರುಗಿ ತೆಗೆಯುವ ಕಷ್ಟ ತಪ್ಪುತ್ತದೆ.

ಇನ್ನೊಂದು ಮಾತು. ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿ ಉಬ್ಬಿರುತ್ತವೆ, ಆಗ ಬಗ್ಗಿದರೆ ಅವುಗಳ ಮೇಲೆ ಒತ್ತಡ ಹೆಚ್ಚು. ಎದ್ದ ಮೊದಲ ಒಂದು ತಾಸು ಬಗ್ಗಿ ಕಸ ಹೊಡೆಯುವುದು, ತುಂಬಿದ ಕೊಡ ಎತ್ತುವುದು ಬೇಡ. ಮನೆಗೊಂದು ಉದ್ದ ಹಿಡಿಕೆಯ ಪೊರಕೆ ತನ್ನಿ.

ಪ್ರಶ್ನೆ: ಬೆನ್ನು ನೋವಿಗೆ ಬರೀ ಹಲಗೆಯ ಮೇಲೆ ಮಲಗಬೇಕೇ?
— ಓದುಗರು, ಕೊಪ್ಪಳ

ಉತ್ತರ: ಬೇಡ. ತೀರ ಗಟ್ಟಿಯೂ ಅಲ್ಲದ, ಮೈ ಹುದುಗುವಷ್ಟು ಮೆತ್ತಗೂ ಅಲ್ಲದ ಹತ್ತಿಯ ಗಾದಿ ಸಾಕು. ಅಂಗಾತ ಮಲಗಿದರೆ ಮೊಣಕಾಲಿನ ಕೆಳಗೆ ದಿಂಬು, ಮಗ್ಗುಲಾದರೆ ಮೊಣಕಾಲುಗಳ ನಡುವೆ. ಏಳುವಾಗ ನೇರ ಎದ್ದು ಕೂಡಬೇಡಿ. ಮಗ್ಗುಲಿಗೆ ಹೊರಳಿ, ಕಾಲು ಇಳಿಬಿಟ್ಟು, ಕೈ ಊರಿ ಏಳಿ. ನೋವಿದೆಯೆಂದು ದಿನಗಟ್ಟಲೆ ಮಲಗಬೇಡಿ. ಸಾಮಾನ್ಯ ಟೊಂಕ ನೋವು ಓಡಾಡಿಕೊಂಡಿದ್ದರೇ ಬೇಗ ಇಳಿಯುತ್ತದೆ, ಹೆಚ್ಚಿನವರಿಗೆ ನಾಲ್ಕರಿಂದ ಆರು ವಾರದಲ್ಲಿ.