ನುಯೆನ್ ಜಿಯಾ ಟ್ರಿ ಚಿತ್ರದ ಆ ಹೊಳಪು ಮನೆಯಲ್ಲಿ ಬರುತ್ತಾ?

ಮೇಡಂ, ವಿಯೆಟ್ನಾಂನ ಚಿತ್ರಕಾರ ನುಯೆನ್ ಜಿಯಾ ಟ್ರಿ (1908–1993) ಅವರ ತೋಟದ ಹೆಂಗಸರ ಚಿತ್ರ ಹಾಕಿ, ಚನ್ನಪಟ್ಟಣದ ಅರಗಿನಲ್ಲಿ ಈ ಹೊಳಪು ಬರುತ್ತಾ ಅಂತ ಕೇಳಿದ್ದೀರಿ. ಬರಲ್ಲ. ನಮ್ಮ ಅರಗು ಹುಳು ಕೊಡುವಂಥದ್ದು, ಬಿಸಿಗೆ ಕರಗುತ್ತೆ. ಅವರದ್ದು ಮರದಿಂದ ಒಸರುವ ಹಾಲು, ಅಂದರೆ ಲ್ಯಾಕರ್. ವಿಯೆಟ್ನಾಂ ಉತ್ತರದ ಫು ಥೋ ಕಡೆ ಬೆಳೆಯುವ ಆ ಮರ ನಮ್ಮ ಗೇರು, ಮಾವಿನ ಕುಟುಂಬದ್ದೇ. ಹಸಿ ಹಾಲು ಮೈಗೆ ತಾಗಿದರೆ ಕೇರೆಣ್ಣೆ ಸೋಕಿದ ಹಾಗೆ ಉರಿದು ಬೊಬ್ಬೆ ಏಳುತ್ತೆ. ಒಣಗೋದಕ್ಕೂ ಬಿಸಿಲು ಬೇಡ, ತೇವದ ಕೋಣೆ ಬೇಕು. ತರಿಸೋ ಯೋಚನೆ ಬಿಡಿ.

ಅವರ ಶೈಲಿ ತಿಳಿಯಬೇಕಾದರೆ ಈ ಹಾಲಿನ ಹಟ ತಿಳಿಯಬೇಕು. ಅದರ ಬಣ್ಣವೇ ಕಂದು. ಕಬ್ಬಿಣ ಸೋಕಿಸಿ ತಿರುವುತ್ತಾ ಹೋದರೆ ಕಪ್ಪು. ಇಂಗಳೀಕದ ಕೆಂಪು ನಿಲ್ಲುತ್ತೆ, ಚಿನ್ನ ಬೆಳ್ಳಿಯ ರೇಕೂ ಕೂರುತ್ತೆ. ಬಿಳಿ ಬೆರೆಸಿದರೆ ಮಾತ್ರ ಕಂದಿಗೆ ತಿರುಗುತ್ತೆ. ಅದಕ್ಕೇ ಆ ಹೆಂಗಸರ ಉಡುಪುಗಳ ಬಿಳಿಯೆಲ್ಲ ಮೊಟ್ಟೆ ಚಿಪ್ಪು! ಫೋಟೋ ದೊಡ್ಡದು ಮಾಡಿ ನೋಡಿ, ಸಣ್ಣ ಬಿರುಕುಗಳು ಕಾಣುತ್ತವೆ. ಪದರದ ಮೇಲೆ ಪದರ ಬಳಿದು, ಆಮೇಲೆ ನೀರು ಹಾಕಿ ಉಜ್ಜುತ್ತಾರೆ. ಕೆಳಗೆ ಅಡಗಿದ್ದ ಚಿನ್ನ ಎಲ್ಲಿ ಎಷ್ಟು ಮೇಲೆ ಬರಬೇಕು ಅನ್ನೋದು ಉಜ್ಜುವ ಕೈಯ ತೀರ್ಮಾನ.

ಹನೋಯ್‌ನಲ್ಲಿ 1925ರಲ್ಲಿ ಫ್ರೆಂಚರು ತೆರೆದ ಕಲಾಶಾಲೆಯಲ್ಲಿ ಅವರು ಕಲಿತದ್ದು. ಗುಡಿಯ ಸಾಮಾನು, ಪೆಟ್ಟಿಗೆಗಳಿಗೆ ಬಳಿಯುತ್ತಿದ್ದ ಹಾಲನ್ನು ಚಿತ್ರಕ್ಕೆ ಒಗ್ಗಿಸುವ ಪ್ರಯೋಗ ಅಲ್ಲೇ ನಡೆದದ್ದು. ಹೆಂಗಸರ ಬಳುಕಿನಲ್ಲಿ ಫ್ರೆಂಚ್ ಪಾಠ ಕಾಣುತ್ತೆ. ಹಿಂದಿನ ಕತ್ತಲೆ, ಚಿನ್ನ ಮಾತ್ರ ಗುಡಿಯದ್ದೇ ಅಂತ ನನ್ನ ಲೆಕ್ಕ. ಮುಂದೆ ಸೈಗಾನ್‌ನಲ್ಲಿ ಅಮೂರ್ತಕ್ಕೂ ಹೊರಳಿದರು. ನನಗೆ ಅವೇ ಹೆಚ್ಚು ಇಷ್ಟ. ಈ ಹಾಲಿನಲ್ಲೇ ಕೆಲಸ ಮಾಡುವ ಈಗಿನ ಕಲಾವಿದರಲ್ಲಿ ಫಿ ಫಿ ಓನ್ ಅವರನ್ನು ಹುಡುಕಿ ನೋಡಿ. ಅವರ ‘ಸ್ಪೆಕ್ಯುಲಾ’ ಅನ್ನೋ ಕೃತಿಯಲ್ಲಿ ಚಿತ್ರದ ಒಳಗೇ ನಡೆದು ಹೋಗಬಹುದು.

ಮನೆಯಲ್ಲಿ ಹೀಗೆ ಮಾಡಿ. ಪ್ಲೈವುಡ್ ತುಂಡಿಗೆ ಎರಡೂ ಬದಿ ಪ್ರೈಮರ್, ಮೇಲೆ ಎರಡು ಕೋಟ್ ಕಪ್ಪು ಅಕ್ರಿಲಿಕ್. ಚಿಪ್ಪಿನ ಒಳಪೊರೆ ಪೂರ್ತಿ ತೆಗೆದು, ಫೆವಿಕಾಲ್ ಮೇಲಿಟ್ಟು ಬೆರಳಿನಿಂದ ಒತ್ತಿ ಒಡೆಯಿರಿ. ಪೊರೆ ಉಳಿದರೆ ಆಮೇಲೆ ಎದ್ದು ಬರುತ್ತೆ. ಬೇಕಾದ ಕಡೆ ರೇಕು ಅಂಟಿಸಿ, ಅದರ ಮೇಲೆ ಎರಡು ಮೂರು ಕೋಟ್ ವಾರ್ನಿಷ್. ರೇಕು ತೀರಾ ತೆಳು, ವಾರ್ನಿಷ್ ಇಲ್ಲದೆ ಉಜ್ಜಿದರೆ ಒಂದೇ ಸಲಕ್ಕೆ ಹೋಗುತ್ತೆ. ಆಮೇಲೆ ಕೆಂಪು, ಕಂದು ತೆಳುವಾಗಿ, ಪ್ರತಿ ಪದರ ಒಣಗಿದ ಮೇಲೆ ಮತ್ತೆ ವಾರ್ನಿಷ್. ಚಿತ್ರ ಮುಚ್ಚಿಹೋಯಿತು ಅಂತ ಗಾಬರಿ ಬೇಡ, ಮುಚ್ಚಲೇಬೇಕು. ಪೂರ್ತಿ ಗಟ್ಟಿಯಾದ ಮೇಲೆ ನೀರು ಹಾಕಿ ಉಜ್ಜುವ ಉಪ್ಪುಕಾಗದ (ವಾಟರ್ ಪೇಪರ್) 400ನೇ ನಂಬರಿನಿಂದ ಶುರು ಮಾಡಿ, ಆಮೇಲೆ 800, ಕೊನೆಗೆ 1500. ನಡುನಡುವೆ ಒರೆಸಿ ನೋಡುತ್ತಿರಿ, ಇಷ್ಟವಾದ ಕಡೆ ನಿಲ್ಲಿಸಿ.

ಮುಗಿದ ಮೇಲೆ ಮೆತ್ತನೆ ಒಣಬಟ್ಟೆಯಲ್ಲಷ್ಟೇ ಒರೆಸಿ. ವಸಂತದ ತೋಟವನ್ನು ಬಿಡಿಸಿದ ಅವರ ಹೆಸರಾಂತ ದೊಡ್ಡ ಚಿತ್ರವನ್ನು ಶುಚಿ ಮಾಡಲು ಹೋಗಿ, ಪಾತ್ರೆ ತೊಳೆಯೋ ಲಿಕ್ವಿಡ್, ಉಪ್ಪುಕಾಗದ ಬಳಸಿ ಹಾಳು ಮಾಡಿದ್ದು 2019ರಲ್ಲಿ ವಿಯೆಟ್ನಾಂನಲ್ಲಿ ದೊಡ್ಡ ಸುದ್ದಿಯಾಗಿತ್ತು.