ಎರಡು ವೈರಿನ ಟ್ರಾನ್ಸ್‌ಮಿಟರ್ ಸೊನ್ನೆ ತೋರಿಸಿದರೆ ಕಾರ್ಡ್ ಸುಟ್ಟಿದೆ ಅಂತಲ್ಲ

"ಪ್ರೆಶರ್ ಟ್ರಾನ್ಸ್‌ಮಿಟರಿನ ಎರಡು ವೈರನ್ನೂ ಪಿಎಲ್‌ಸಿಯ ಅನಲಾಗ್ ಕಾರ್ಡಿಗೆ ಕೊಟ್ಟಿದ್ದೇನೆ. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್. ಆದರೂ ರೀಡಿಂಗ್ ಬರುತ್ತಿಲ್ಲ, ಕಾರ್ಡ್ ಸುಟ್ಟಿದೆಯಾ?" ಅಂತ ಕೇಳಿದ್ದೀರಿ. (ಪಿಎಲ್‌ಸಿ ಅಂದರೆ ಯಂತ್ರಗಳನ್ನು ನಡೆಸುವ ಕಂಪ್ಯೂಟರ್, ಅನಲಾಗ್ ಕಾರ್ಡ್ ಅಂದರೆ ಅದಕ್ಕೆ ಇಂಥ ಸಿಗ್ನಲ್ ಓದಿಕೊಡುವ ಭಾಗ.) ಸುಟ್ಟಿರಲಿಕ್ಕಿಲ್ಲ. ನಿಮ್ಮ ಲೂಪಿಗೆ, ಅಂದರೆ ಕರೆಂಟ್ ಸುತ್ತಿ ಬರುವ ದಾರಿಗೆ, ಕರೆಂಟ್ ಕೊಡುವವರೇ ಇಲ್ಲ, ಅಷ್ಟೇ.

ಎರಡು ವೈರಿನ ಟ್ರಾನ್ಸ್‌ಮಿಟರ್ ಅಂದರೆ ನೀರಿನ ನಲ್ಲಿ ಇದ್ದ ಹಾಗೆ. ಪ್ರೆಶರ್ ನೋಡಿಕೊಂಡು 4ರಿಂದ 20 ಮಿಲಿಆಂಪ್‌ವರೆಗೆ ಎಷ್ಟು ಬಿಡಬೇಕೋ ಅಷ್ಟು ಬಿಡುತ್ತದೆ. ನೀರು ಅದರದ್ದಲ್ಲ. ಮೇಲಿನ ಟ್ಯಾಂಕ್ ಅಂದರೆ 24 ವೋಲ್ಟ್ ಸಪ್ಲೈ. ಕಾರ್ಡ್ ಬರೀ ಮೀಟರ್. ಹಾಗಾಗಿ ಮೂರೂ ಸಾಲಾಗಿ ಬರಬೇಕು. ಸಪ್ಲೈ ಪ್ಲಸ್‌ನಿಂದ ಸಣ್ಣ ಫ್ಯೂಸ್ ದಾಟಿ ಟ್ರಾನ್ಸ್‌ಮಿಟರಿನ ಪ್ಲಸ್‌ಗೆ, ಅದರ ಮೈನಸ್‌ನಿಂದ ಕಾರ್ಡಿನ ಚಾನೆಲ್ (ಒಂದು ಸಿಗ್ನಲ್ ಓದುವ ಜಾಗ) ಪ್ಲಸ್‌ಗೆ, ಚಾನೆಲ್ ಮೈನಸ್‌ನಿಂದ ಸಪ್ಲೈಯ ಸೊನ್ನೆ ವೋಲ್ಟ್‌ಗೆ. ಕೆಲವು ಕಾರ್ಡುಗಳು ತಾವೇ 24 ವೋಲ್ಟ್ ಕೊಡುತ್ತವೆ, ಅಂಥ ಕಡೆ ಹೊರಗಿನ ಸಪ್ಲೈ ಬೇಡ. ಮ್ಯಾನ್ಯುಯಲ್‌ನಲ್ಲಿರುವ ಚಿತ್ರ ನೋಡದೆ ಸ್ಕ್ರೂಡ್ರೈವರ್ ಹಿಡಿಯಬೇಡಿ.

ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಟ್ರಾನ್ಸ್‌ಮಿಟರ್ ಬಿಟ್ಟು 24 ವೋಲ್ಟನ್ನು ನೇರ ಚಾನೆಲ್‌ಗೆ ಮುಟ್ಟಿಸಿದ್ದೆ. ಚಾನೆಲ್ ಒಳಗಿನ ರೆಸಿಸ್ಟರ್ 250 ಓಮ್. ಲೆಕ್ಕ ಹಾಕಿ: ಸುಮಾರು 96 ಮಿಲಿಆಂಪ್, ಎರಡು ವ್ಯಾಟಿಗಿಂತ ಜಾಸ್ತಿ ಬಿಸಿ. 20 ಮಿಲಿಆಂಪ್‌ಗೆ ಅಲ್ಲಿ ಆಗುವುದು 0.1 ವ್ಯಾಟ್ ಮಾತ್ರ. ಚಾನೆಲ್ ಹೋಯಿತು. ಸೂಪರ್‌ವೈಸರ್ ಬೈದದ್ದು ಇನ್ನೂ ಕಿವಿಯಲ್ಲಿದೆ.

ನಾಲ್ಕು ವೈರಿನದ್ದಾದರೆ ಕಥೆ ಬೇರೆ. ಅದಕ್ಕೆ ತನ್ನದೇ ಸಪ್ಲೈ ಇರುತ್ತದೆ, ಸಾಮಾನ್ಯವಾಗಿ ಕರೆಂಟನ್ನೂ ಅದೇ ತಳ್ಳುತ್ತದೆ. ಆಗ ನೀವು ಮಾಡಿದ ಹಾಗೆ ಪ್ಲಸ್‌ಗೆ ಪ್ಲಸ್ ಸರಿ.

ವೈರಿಂಗ್ ಆದಮೇಲೆ ಸ್ಕ್ರೀನ್ ನಂಬಬೇಡಿ. ಮಲ್ಟಿಮೀಟರನ್ನು ಮಿಲಿಆಂಪ್‌ಗೆ ಹಾಕಿ, ಒಂದು ವೈರ್ ಬಿಚ್ಚಿ ನಡುವೆ ಸೇರಿಸಿ. ಪ್ರೆಶರ್ ಇಲ್ಲದಾಗ 4 ಬರಬೇಕು. 10 ಬಾರ್ ರೇಂಜಿನದ್ದು 5 ಬಾರ್‌ನಲ್ಲಿದ್ದರೆ 12. ಪೂರ್ತಿ ಸೊನ್ನೆ ಬಂದರೆ ವೈರ್ ಎಲ್ಲೋ ಕಡಿದಿದೆ ಅಥವಾ ಪ್ಲಸ್ ಮೈನಸ್ ಅದಲುಬದಲಾಗಿದೆ. ಸೊನ್ನೆಯ ಬದಲು 4ರಿಂದ ಶುರು ಮಾಡಿದ್ದರಲ್ಲಿ ಇದೊಂದು ಲಾಭ: ಪ್ರೆಶರ್ ಇಲ್ಲವೋ, ವೈರೇ ಇಲ್ಲವೋ ಗೊತ್ತಾಗುತ್ತದೆ.

ಅದೇ 10 ಬಾರ್‌ನದ್ದಕ್ಕೆ ಮೀಟರ್ 4 ತೋರಿಸಿ ಸ್ಕ್ರೀನ್ 2 ಬಾರ್ ತೋರಿಸಿದರೆ ವೈರ್ ಮುಟ್ಟಬೇಡಿ, ತಪ್ಪು ಸೆಟ್ಟಿಂಗ್‌ನಲ್ಲಿದೆ. ಕಾರ್ಡ್ 0–20ರಲ್ಲಿದೆ, ನಿಮ್ಮ ಸ್ಕೇಲಿಂಗ್ (ರೀಡಿಂಗನ್ನು ಬಾರ್‌ಗೆ ಬದಲಿಸುವ ಲೆಕ್ಕ) 4–20 ಅಂದುಕೊಂಡಿದೆ. ಸೀಮೆನ್ಸ್ ಪಿಎಲ್‌ಸಿ ಆದರೆ ಪೂರ್ತಿ ರೇಂಜಿಗೆ ಕಾರ್ಡ್ ಕೊಡುವ ಸಂಖ್ಯೆ 27648, ಅಲ್ಲಿ 5530ರ ಆಸುಪಾಸು ಕಂಡರೆ ಇದೇ ಕಾಯಿಲೆ.

ಮತ್ತೆ ಶೀಲ್ಡ್, ಅಂದರೆ ಸಿಗ್ನಲ್ ಕೇಬಲಿನೊಳಗೆ ವೈರುಗಳ ಸುತ್ತ ಇರುವ ಲೋಹದ ಹೊದಿಕೆ. ಅದನ್ನು ಪ್ಯಾನೆಲ್ ಕಡೆ ಮಾತ್ರ ಅರ್ಥ್ ಮಾಡಿ, ಫೀಲ್ಡ್ ಕಡೆ ಕತ್ತರಿಸಿ ಟೇಪ್ ಸುತ್ತಿ. ಒಂದು ಪಂಪ್‌ಹೌಸಿನಲ್ಲಿ ಮೋಟಾರ್ ನಡೆಸುವ ಡ್ರೈವ್ ಶುರುವಾದಾಗಲೆಲ್ಲ ರೀಡಿಂಗ್ ಕುಣಿಯುತ್ತಿತ್ತು. ಎರಡು ದಿನ ಪ್ರೋಗ್ರಾಂ ತಿದ್ದಿದೆವು, ಸುಮ್ನೆ. ಕೊನೆಗೆ ನೋಡಿದರೆ ಶೀಲ್ಡ್ ಎರಡೂ ಕಡೆ ಅರ್ಥ್ ಆಗಿತ್ತು, ಸಾಲದ್ದಕ್ಕೆ ಮೋಟಾರ್ ಕೇಬಲ್ ಜೊತೆ ಒಂದೇ ಟ್ರೇಯಲ್ಲಿ ಮಲಗಿತ್ತು. ಬೇರೆ ಟ್ರೇಗೆ ಹಾಕಿ ಒಂದು ಕಡೆಯ ಅರ್ಥ್ ತೆಗೆದೆವು, ಕುಣಿತ ನಿಂತಿತು.

ಮೊದಲು ಲೂಪಿಗೆ 24 ವೋಲ್ಟ್ ಸೇರಿಸಿ. ಮೀಟರ್ ಎಷ್ಟು ತೋರಿಸಿತು ಅಂತ ಬರೆಯಿರಿ, ಕಾರ್ಡಿನ ಮಾಡೆಲ್ ನಂಬರೂ ಇರಲಿ.